ಸಪ್ರಮಾಣ ವಾದ: ಶಾಸ್ತ್ರೀಯ ಬರವಣಿಗೆಯಲ್ಲಿ ಆಧಾರ ಮತ್ತು ಉಲ್ಲೇಖ

ವಿದ್ವಾಂಸನಾದವನು ಒಂದು ವಿಷಯದಲ್ಲಿ ತಾನು ತಲಪಿದ ನಿರ್ಣಯವನ್ನು, ಅದಕ್ಕೆ ಕಾರಣವಾದ ಆಧಾರಗಳೊಡನೆಯೂ, ಆ ಆಧಾರಗಳು ದೊರೆಯುವ ಗ್ರಂಥ, ಶಾಸನ ಅಥವಾ ದಾಖಲೆಯ ನಿರ್ದೇಶದೊಡನೆಯೂ, ತನಗೆ ವಿರುದ್ಧವಾದ ಅಭಿಪ್ರಾಯದ ಪರಿಶೀಲನೆಯೊಡನೆಯೂ ನಿರೂಪಿಸುವ ಕ್ರಮವೇ ಸಪ್ರಮಾಣ ವಾದ. ಇಂದಿನ ವಿಶ್ವವಿದ್ಯಾನಿಲಯಗಳ ಸಂಶೋಧನ ಪ್ರಬಂಧಗಳಲ್ಲಿ ಕಾಣುವ ಅಡಿಟಿಪ್ಪಣಿ, ಪುಟಸಂಖ್ಯೆ, ಗ್ರಂಥಋಣ ಮೊದಲಾದವು ಈ ಕ್ರಮದ ಹೊರ ಅಂಗಗಳು. ಅವು ಮುದ್ರಣಯಂತ್ರದೊಡನೆಯೂ ಪಾಶ್ಚಾತ್ಯ ವಿದ್ಯಾಭ್ಯಾಸದೊಡನೆಯೂ ನಮ್ಮ ದೇಶಕ್ಕೆ ಬಂದವು. ಆದರೆ ಆಧಾರವಿಲ್ಲದ ಮಾತನ್ನು ಆಡಲಾಗದೆಂಬ ನಿಯಮವೂ, ಎದುರಾಳಿಯ ಮಾತನ್ನು ತಿರುಚದೆ ಮುಂದಿಟ್ಟು ಅನಂತರವೇ ಉತ್ತರ ಹೇಳಬೇಕೆಂಬ ಮರ್ಯಾದೆಯೂ ಇಲ್ಲಿ ಅದಕ್ಕಿಂತ ಬಹಳ ಹಿಂದಿನಿಂದ ನಡೆದುಬಂದಿವೆ. ಈ ಮರ್ಯಾದೆ ಅತ್ಯಂತ ಸಮೃದ್ಧವಾಗಿ ಬೆಳೆದ ಕ್ಷೇತ್ರಗಳಲ್ಲಿ ಕಾಶಿ ಒಂದು. ಆ ಬೆಳವಣಿಗೆಗೆ ಕರ್ಣಾಟಕದ ಗ್ರಂಥಗಳು ಒದಗಿಸಿದ ಸಾಮಗ್ರಿಯೂ ಸ್ವಲ್ಪವಲ್ಲ.

ಕ್ಷೇತ್ರ

ವಾರಾಣಸಿಯ ಗೊದೌಲಿಯಾ ಚೌಕದಿಂದ ದಕ್ಷಿಣಾಭಿಮುಖವಾಗಿ ಜಂಗಮವಾಡಿ, ಮದನಪುರಗಳನ್ನು ಹಾದು ಅಸ್ಸಿಯ ಕಡೆಗೆ ಸಾಗುವ ರಸ್ತೆಯಲ್ಲಿ ಸೋನಾರ್‌ಪುರವೆಂಬ ಮೊಹಲ್ಲಾ ಇರುವುದು. ಇಲ್ಲಿಂದ ಪೂರ್ವಕ್ಕೆ ಇಳಿಯುವ ಗಲ್ಲಿಗಳು ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ಹನುಮಾನ್ ಘಾಟ್‌ಗಳ ಕಡೆಗೆ ಹೋಗುತ್ತವೆ. ಕೊನೆಯ ಎರಡರ ನಡುವೆ, ಮೈಸೂರು ಸಂಸ್ಥಾನವು ಕಟ್ಟಿಸಿದ, ಈಗ ಕರ್ಣಾಟಕದ ಹೆಸರನ್ನೇ ಹೊತ್ತಿರುವ ಸೋಪಾನಪಂಕ್ತಿಯುಂಟು. ದಾಕ್ಷಿಣಾತ್ಯರೂ ವಂಗೀಯರೂ ತಲೆಮಾರುಗಳಿಂದ ನೆಲೆಸಿರುವ ಪ್ರದೇಶವಿದು. ವಲ್ಲಭಾಚಾರ್ಯರು ಹನುಮಾನ್ ಘಾಟ್‌ನಲ್ಲಿ ದೇಹತ್ಯಾಗ ಮಾಡಿದರೆಂಬುದು ಸಂಪ್ರದಾಯ; ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರು ತಾರುಣ್ಯದಲ್ಲಿ ಅಲ್ಲಿಯೇ ವಾಸವಾಗಿದ್ದರು. ವೀರಶೈವರ ಕಾಶೀಪೀಠವಾದ ಜಂಗಮವಾಡಿ ಮಠವು ಇದೇ ರಸ್ತೆಯ ಉತ್ತರ ಭಾಗದಲ್ಲಿರುವುದು. ವೇದಾಧ್ಯಯನಕ್ಕೂ ಶಾಸ್ತ್ರಾಧ್ಯಯನಕ್ಕೂ ದೂರದ ಊರುಗಳಿಂದ ಬಂದ ವಿದ್ಯಾರ್ಥಿಗಳು ಇಂತಹ ಮೊಹಲ್ಲಾಗಳ ಮಠಗಳಲ್ಲಿಯೂ ಪಂಡಿತರ ಮನೆಗಳಲ್ಲಿಯೂ ಉಳಿದು, ಗುರುವಿನ ಎದುರು ಕುಳಿತು ಒಂದೊಂದು ಪಂಕ್ತಿಯನ್ನೂ ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತಗಳೊಡನೆ ಓದಿದರೆಂಬುದೇ ಈ ನಗರದ ವಿದ್ಯೆಯ ಬುನಾದಿ.

ಪ್ರಮಾಣವಿಚಾರ

ಒಂದು ಮಾತು ಏಕೆ ನಂಬಲರ್ಹವೆಂಬ ಪ್ರಶ್ನೆಯನ್ನು ಗೌತಮನ ನ್ಯಾಯಸೂತ್ರಗಳು ತಮ್ಮ ಮೊದಲ ವಿಷಯವನ್ನಾಗಿ ಇಟ್ಟುಕೊಂಡಿವೆ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳು 4. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಪರರಿಗೆ ತಿಳಿಸುವ ಅನುಮಾನದ ಅವಯವಗಳು 5. ಸಾಧಿಸಬೇಕಾದುದನ್ನು ಮೊದಲು ಸ್ಪಷ್ಟವಾಗಿ ಹೇಳುವುದು, ಕಾರಣವನ್ನು ಕೊಡುವುದು, ಆ ಕಾರಣಕ್ಕೂ ಸಾಧ್ಯಕ್ಕೂ ಇರುವ ನಿಯತ ಸಂಬಂಧವನ್ನು ಒಪ್ಪಿತವಾದ ದೃಷ್ಟಾಂತದಲ್ಲಿ ತೋರಿಸುವುದು, ಪ್ರಸ್ತುತ ವಿಷಯಕ್ಕೆ ಅದನ್ನು ಅನ್ವಯಿಸುವುದು, ಕೊನೆಗೆ ಸಾಧಿತವಾದುದನ್ನು ಮತ್ತೆ ಹೇಳುವುದು: ಇಂದಿನ ಪ್ರಬಂಧಕಾರನು ಅನುಸರಿಸಬೇಕಾದ ಕ್ರಮವೂ ಇದಕ್ಕಿಂತ ಬೇರೆಯಲ್ಲ. ಬಹುಪಾಲು ದುರ್ಬಲ ಪ್ರಬಂಧಗಳಲ್ಲಿ ಪ್ರತಿಜ್ಞೆಯೂ ಉಂಟು, ಹೇತುವೂ ಉಂಟು. ಇವೆರಡನ್ನು ಕೂಡಿಸುವ, ವ್ಯಾಪ್ತಿಯೆಂಬ ಆ ನಿಯತ ಸಂಬಂಧದ ನಿರೂಪಣೆ ಮಾತ್ರ ಇರುವುದಿಲ್ಲ. ಉದ್ಧೃತಿಯೊಂದನ್ನು ಇಟ್ಟ ಮಾತ್ರಕ್ಕೆ ವಾದವು ಸಿದ್ಧವಾಯಿತೆಂದು ಭಾವಿಸುವುದು ಈ ಲೋಪದ ಅತ್ಯಂತ ಸಾಮಾನ್ಯವಾದ ರೂಪ.

ಪರರ ಗ್ರಂಥವನ್ನು ಆಧಾರವಾಗಿ ಹಿಡಿಯುವುದು ಶಬ್ದಪ್ರಮಾಣಕ್ಕೆ ಸೇರಿದುದು. ಆಪ್ತನ ಉಪದೇಶವೇ ಶಬ್ದವೆಂಬ ಸೂತ್ರಕ್ಕೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು, ವಿಷಯವನ್ನು ತಾನಾಗಿ ಸಾಕ್ಷಾತ್ಕರಿಸಿಕೊಂಡು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯಿಂದ ಮಾತನಾಡುವವನೇ ಆಪ್ತನೆಂದು ವಿವರಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾದುದೆಂದು ಸೇರಿಸಿರುವನು. ಮಾತಿನ ಪ್ರಾಮಾಣ್ಯವು ಆಡಿದವನ ಕುಲದಿಂದಾಗಲಿ ಪದವಿಯಿಂದಾಗಲಿ ಬರದೆ, ಅವನಿಗೆ ಆ ವಿಷಯದಲ್ಲಿದ್ದ ನೇರವಾದ ತಿಳಿವಳಿಕೆಯಿಂದಲೂ ಪ್ರಾಮಾಣಿಕತೆಯಿಂದಲೂ ಬರುವುದೆಂಬ ಈ ವಿವೇಚನೆಯನ್ನು ಮರೆತು, ದೊಡ್ಡ ಹೆಸರುಗಳನ್ನು ಸಾಲಾಗಿ ಪೋಣಿಸುವ ಪ್ರಬಂಧವು ಎಷ್ಟು ಪುಟಗಳಿದ್ದರೂ ಬಲವಾಗದು.

ಅಧಿಕರಣ ಮತ್ತು ಸಂದರ್ಭ

ವಾಕ್ಯಾರ್ಥವನ್ನು ನಿರ್ಣಯಿಸುವ ಶಾಸ್ತ್ರವಾದ ಮೀಮಾಂಸೆಯು ವಿಚಾರದ ಒಂದೊಂದು ಘಟಕವನ್ನೂ ಅಧಿಕರಣವೆಂದು ಕರೆದು, ಅದಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಅಂಗಗಳನ್ನು ಹೇಳಿತು. ಇಲ್ಲಿ ಸಂಶಯಕ್ಕೆ ಕೊಟ್ಟಿರುವ ಸ್ಥಾನವು ಗಮನಾರ್ಹ: ಎರಡು ಕಡೆಯೂ ನ್ಯಾಯವಾಗಿ ತೋರುವ ಪ್ರಶ್ನೆಯಿಲ್ಲದಿದ್ದಲ್ಲಿ ವಿಚಾರಕ್ಕೆ ಅವಕಾಶವೇ ಇಲ್ಲ. ಎಲ್ಲರೂ ಒಪ್ಪಿದುದನ್ನು ಇನ್ನೂರು ಪುಟಗಳಲ್ಲಿ ಸಾಧಿಸುವ ಪ್ರಬಂಧವು ಈ ಮಾನದಂಡಕ್ಕೆ ನಿಲ್ಲದು.

ಆಯ್ದ ವಾಕ್ಯವನ್ನು ಅದರ ಸಂದರ್ಭದಿಂದ ಕಿತ್ತು ಬಳಸುವ ದೋಷಕ್ಕೂ ಪೂರ್ವಿಕರು ಪರಿಹಾರವನ್ನು ಕಂಡುಕೊಂಡಿದ್ದರು. ಒಂದು ಪ್ರಕರಣದ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ 6 ಲಿಂಗಗಳನ್ನು ಅವರು ಹೇಳಿರುವರು. ಆರಂಭ ಮತ್ತು ಮುಕ್ತಾಯಗಳು ಒಂದೇ ಅರ್ಥದಲ್ಲಿ ಸೇರುವುವೇ, ಯಾವ ಮಾತು ಮತ್ತೆ ಮತ್ತೆ ಬಂದಿದೆ, ಬೇರೆಡೆ ಸಿಗದ ಯಾವ ಹೊಸ ವಿಷಯವನ್ನು ಈ ಪ್ರಕರಣ ಹೇಳುತ್ತಿದೆ, ಯಾವುದು ಕೇವಲ ಸ್ತುತಿ, ಯಾವುದಕ್ಕೆ ಯುಕ್ತಿಯ ಬೆಂಬಲವಿದೆ ಎಂದು ನೋಡದೆ ನಡುವಿನ ಒಂದು ವಾಕ್ಯವನ್ನು ಎತ್ತಿ ಗ್ರಂಥಕಾರನ ಅಭಿಪ್ರಾಯವೆಂದು ಸಾರುವುದು ಅಪಚಾರವಾಗುತ್ತದೆ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವೂ ಗ್ರಂಥಕಾರನ ಲೇಖನಿಯಿಂದಲೇ ಬರುವುದರಿಂದ, ಖಂಡನೆಗಾಗಿ ಬರೆದ ಮಾತನ್ನೇ ಅವನ ಸಿದ್ಧಾಂತವೆಂದು ಉಲ್ಲೇಖಿಸುವ ಪ್ರಮಾದವು ಇಂದಿಗೂ ಅಪೂರ್ವವಲ್ಲ.

ನ್ಯಾಯಾಮೃತ ಮತ್ತು ಅದ್ವೈತಸಿದ್ಧಿ

ಕರ್ಣಾಟಕಕ್ಕೂ ಕಾಶಿಗೂ ನಡುವೆ ಗ್ರಂಥಮುಖವಾಗಿ ನಡೆದ ವಾದಗಳಲ್ಲಿ ನ್ಯಾಯಾಮೃತ ಮತ್ತು ಅದ್ವೈತಸಿದ್ಧಿಗಳ ವಾದವು ಅಗ್ರಗಣ್ಯ. ಮೈಸೂರು ಸೀಮೆಯ ಬನ್ನೂರಿನಲ್ಲಿ ಜನಿಸಿ, ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿ, 1539ರಲ್ಲಿ ಕಾಲವಾಗಿ, ಆನೆಗೊಂದಿಯ ನವವೃಂದಾವನದಲ್ಲಿ ನೆಲೆಸಿರುವ ವ್ಯಾಸತೀರ್ಥರು, ಅದ್ವೈತದ ಹಲವು ಶತಮಾನಗಳ ಗ್ರಂಥರಾಶಿಯನ್ನು ಶೋಧಿಸಿ, ಅದರ ಪ್ರಮೇಯಗಳನ್ನು ವರ್ಗೀಕರಿಸಿ, ಒಂದೊಂದನ್ನೂ ನಿರಾಕರಿಸುವ ನ್ಯಾಯಾಮೃತವನ್ನು ರಚಿಸಿದರು. ವಂಗದೇಶದಲ್ಲಿ ಹುಟ್ಟಿ ಕಾಶಿಯಲ್ಲಿ ನೆಲೆಸಿದ ಮಧುಸೂದನ ಸರಸ್ವತಿಗಳು ಅದಕ್ಕೆ ಪ್ರತಿಯಾಗಿ ಅದ್ವೈತಸಿದ್ಧಿಯನ್ನು ಬರೆದರು. ನ್ಯಾಯಾಮೃತದಂತೆಯೇ 4 ಪರಿಚ್ಛೇದಗಳುಳ್ಳ ಈ ಉತ್ತರವು ಅದರ ಆಕ್ಷೇಪಗಳನ್ನು ಅದೇ ಅನುಕ್ರಮದಲ್ಲಿ ಎತ್ತಿಕೊಂಡು ಸಾಗುವುದರಿಂದ, ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟು ಓದಬಹುದು. ಗುರುಕುಲಗಳಲ್ಲಿ ಓದುತ್ತಲೂ ಬಂದಿರುವರು.

ಎರಡರ ಮೊದಲ ಪರಿಚ್ಛೇದದಲ್ಲಿಯೂ ಬರುವ ಒಂದು ಸ್ಥಳವನ್ನು ಹತ್ತಿರದಿಂದ ನೋಡುವುದು ಉಚಿತ. ಜಗತ್ತು ಮಿಥ್ಯೆ ಎನ್ನುವವರು ಮಿಥ್ಯಾತ್ವವೆಂದರೇನೆಂದು ಮೊದಲು ಹೇಳಬೇಕಷ್ಟೆ. ವ್ಯಾಸತೀರ್ಥರು ತಮಗೆ ಅನುಕೂಲವಾದ ಸಡಿಲವಾದ ಅರ್ಥವೊಂದನ್ನು ಕಲ್ಪಿಸಿಕೊಂಡು ಅದನ್ನು ಮುರಿಯಲಿಲ್ಲ; ಪದ್ಮಪಾದರ ಪಂಚಪಾದಿಕೆಯಿಂದ ಒಂದು, ಪ್ರಕಾಶಾತ್ಮರ ವಿವರಣದಿಂದ ಎರಡು, ಚಿತ್ಸುಖರಿಂದ ಒಂದು, ಆನಂದಬೋಧರಿಂದ ಒಂದು ಎಂದು ಆ ಮತದ ಪ್ರೌಢ ಗ್ರಂಥಕಾರರ 5 ನಿರ್ವಚನಗಳನ್ನು ಸಂಗ್ರಹಿಸಿ ವಿಚಾರಿಸಿದರು. ಮೊದಲನೆಯ ನಿರ್ವಚನದಂತೆ ಮಿಥ್ಯೆಯು ಸತ್ತಿಗಿಂತಲೂ ಅಸತ್ತಿಗಿಂತಲೂ ವಿಲಕ್ಷಣವಾದುದು. ಈ ಮಾತಿಗೆ ಸಾಧ್ಯವಾದ 3 ಅರ್ಥಗಳನ್ನು ತಾವೇ ಬಿಡಿಸಿ ಹೇಳಿ, ಸತ್ತ್ವವಿಲ್ಲದಿರುವುದೇ ಅಸತ್ತ್ವ, ಅಸತ್ತ್ವವಿಲ್ಲದಿರುವುದೇ ಸತ್ತ್ವವಾದುದರಿಂದ ಎರಡರ ಅಭಾವವೂ ಒಂದೇ ಕಡೆ ಇರುವುದು ವ್ಯಾಹತವೆಂದು ಅವರು ಆಕ್ಷೇಪಿಸಿದರು. ಮಧುಸೂದನರು ಆ ಆಕ್ಷೇಪವನ್ನು ಕುಗ್ಗಿಸದೆ ಸ್ವೀಕರಿಸಿ, ವಿರೋಧದ ಮೂಲವು ಪದಗಳ ಅರ್ಥನಿರ್ಣಯದಲ್ಲಿದೆಯೆಂದು ತೋರಿಸಿದರು. ಮೂರು ಕಾಲಗಳಲ್ಲಿಯೂ ಬಾಧಿತವಾಗದಿರುವುದು ಸತ್ತ್ವ. ಎಲ್ಲಿಯೂ ಎಂದಿಗೂ ಇದೆಯೆಂದು ತೋರಲು ಅರ್ಹವಲ್ಲದಿರುವುದು ಅಸತ್ತ್ವ. ಹೀಗೆ ಹೇಳಿಕೊಂಡರೆ ಒಂದರ ಅಭಾವವೇ ಇನ್ನೊಂದಾಗದು. ಮೊಲದ ಕೋಡಿನಂತೆ ಎಂದೂ ತೋರದುದಲ್ಲದ, ಬ್ರಹ್ಮದಂತೆ ಎಂದೂ ಬಾಧಿತವಾಗದುದೂ ಅಲ್ಲದ ಶುಕ್ತಿರಜತಕ್ಕೆ (ಚಿಪ್ಪಿನಲ್ಲಿ ತೋರುವ ಬೆಳ್ಳಿಗೆ) ನಡುವೆ ಸ್ಥಾನ ದೊರೆಯುವುದು.

ಇಲ್ಲಿ ಯಾರ ಪಕ್ಷ ಗೆದ್ದಿತೆಂಬುದು ಆಯಾ ಸಂಪ್ರದಾಯದವರ ವಿಚಾರ. ಬರವಣಿಗೆಯ ವಿದ್ಯಾರ್ಥಿಯು ಕಲಿಯಬೇಕಾದುದು ಬೇರೆ: ಪ್ರತಿಪಕ್ಷವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ, ಅದರ ಆಚಾರ್ಯರ ಮಾತಿನಿಂದಲೇ ನಿರೂಪಿಸಿದ ಕಾರಣ ನ್ಯಾಯಾಮೃತವು ಉತ್ತರಕ್ಕೆ ಅರ್ಹವಾಯಿತು, ಆ ಉತ್ತರವೂ ಅಷ್ಟೇ ನಿಷ್ಠೆಯಿಂದ ಆಕ್ಷೇಪವನ್ನು ಅನುವದಿಸಿದ ಕಾರಣ ವಾದವು ಮುಂದುವರಿಯಿತು. ಅದ್ವೈತಸಿದ್ಧಿಗೆ ವ್ಯಾಸರಾಮಾಚಾರ್ಯರು ನ್ಯಾಯಾಮೃತತರಂಗಿಣಿಯಲ್ಲಿ ಪ್ರತ್ಯುತ್ತರವಿತ್ತರು. ಅದಕ್ಕೆ ಮೊದಲು ಅವರು ಮಧುಸೂದನರ ಬಳಿಯಲ್ಲಿಯೇ ಶಿಷ್ಯರಾಗಿ ನಿಂತು ಆ ಗ್ರಂಥವನ್ನು ಓದಿದರೆಂದು ಸಂಪ್ರದಾಯವು ಹೇಳುವುದು. ತರಂಗಿಣಿಗೆ ಗೌಡಬ್ರಹ್ಮಾನಂದರು ಲಘುಚಂದ್ರಿಕೆಯಲ್ಲಿ ಸಮಾಧಾನ ಹೇಳಿದರು. ಅದಕ್ಕೆ ಮತ್ತೆ ವನಮಾಲಿಮಿಶ್ರರಿಂದ ಉತ್ತರ ಬಂದಿತು. ಒಬ್ಬರನ್ನೊಬ್ಬರು ಸರಿಯಾಗಿ ಉಲ್ಲೇಖಿಸಿದ್ದರಿಂದಲೇ ಈ ಸರಪಣಿಯ ಯಾವ ಕೊಂಡಿಯೂ ಕಳಚಲಿಲ್ಲ.

ನಿಬಂಧಕಾರರ ಉಲ್ಲೇಖಕ್ರಮ

ಧರ್ಮಶಾಸ್ತ್ರದ ನಿಬಂಧಗಳು ಉಲ್ಲೇಖಗಳಿಂದಲೇ ಕಟ್ಟಿದ ಗ್ರಂಥಗಳು. ಕಾಶಿಯ ಭಟ್ಟ ವಂಶದ ನಾರಾಯಣಭಟ್ಟರ ಮೊಮ್ಮಗರಾದ ಕಮಲಾಕರಭಟ್ಟರು 1612ರಲ್ಲಿ ಮುಗಿಸಿದ ನಿರ್ಣಯಸಿಂಧುವು ತಿಥಿ, ವ್ರತ, ಶ್ರಾದ್ಧ ಮೊದಲಾದವುಗಳ ನಿರ್ಣಯಕ್ಕಾಗಿ ಕರ್ಣಾಟಕದ ಪುರೋಹಿತರ ಮನೆಗಳಲ್ಲಿಯೂ ಬಳಕೆಯಲ್ಲಿರುವ ಗ್ರಂಥ. ಇದರಲ್ಲಿ ಪ್ರತಿಯೊಂದು ವಚನಕ್ಕೂ ಮೂಲಗ್ರಂಥದ ಅಥವಾ ಗ್ರಂಥಕಾರನ ಹೆಸರನ್ನು ಹಚ್ಚಿರುವ ರೀತಿ ಗಮನಿಸತಕ್ಕದ್ದು. ಗ್ರಂಥದ ಹೆಸರು ಸಪ್ತಮೀ ವಿಭಕ್ತಿಯಲ್ಲಿ ಬರುವುದು. ಅಭಿಪ್ರಾಯದ ಕೊನೆಯಲ್ಲಿ ಇತಿ ಎಂದು ಹೇಳಿ ಅದರ ಕರ್ತೃವನ್ನು ಹೆಸರಿಸುವುದುಂಟು. ಸ್ಕಾಂದಪುರಾಣದ ಮಾತು ತಮಗೆ ಹಿಂದಿನ ನಿಬಂಧಕಾರನಾದ ಹೇಮಾದ್ರಿಯ ಗ್ರಂಥದ ಮೂಲಕ ದೊರೆತಿದ್ದರೆ, ಹೇಮಾದ್ರಿಯಲ್ಲಿ ಸ್ಕಾಂದದ ವಚನವೆಂದು ಎರಡು ಹೆಸರುಗಳನ್ನೂ ಜೊತೆಯಾಗಿ ಕೊಡುವರು. ಮೂಲವನ್ನು ಕಣ್ಣಾರೆ ನೋಡದೆ ಮತ್ತೊಬ್ಬರ ಪುಸ್ತಕದಿಂದ ಎತ್ತಿಕೊಂಡ ಮಾತಿಗೆ ಆ ನಡುವಣ ಪುಸ್ತಕವನ್ನು ಹೆಸರಿಸಬೇಕೆಂದು ಇಂದಿನ ಕೈಪಿಡಿಗಳು ವಿಧಿಸುವ ನಿಯಮವು ಇಲ್ಲಿ ಆಚರಣೆಯಲ್ಲಿಯೇ ಇರುವುದು. ಲೋಕದಲ್ಲಿ ಪ್ರಚಲಿತವಾಗಿದ್ದರೂ ಯಾವ ಆಕರದಲ್ಲಿಯೂ ಸಿಗದ ವಚನಕ್ಕೆ ನಿರ್ಮೂಲವೆಂದು ಹೇಳಿ ಬಿಡುವುದೂ ನಿಬಂಧಕಾರರ ಪದ್ಧತಿ.

ಕಮಲಾಕರರು ಮಾಧವನೆಂದು ಉಲ್ಲೇಖಿಸುವಾತನು ವಿಜಯನಗರದ ಮಾಧವಾಚಾರ್ಯ. ಅವನ ಕಾಲಮಾಧವವು ಕಾಲನಿರ್ಣಯದಲ್ಲಿ ಕಾಶಿಯ ಪಂಡಿತರಿಗೂ ಪ್ರಮಾಣವಾಯಿತು. ಅದಕ್ಕೂ ಹಿಂದೆ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯು, ಪರಸ್ಪರ ವಿರುದ್ಧವಾಗಿ ತೋರುವ ಸ್ಮೃತಿವಚನಗಳನ್ನು ಮೀಮಾಂಸೆಯ ನ್ಯಾಯಗಳಿಂದ ಸಮನ್ವಯಗೊಳಿಸಿದ ಬಲದಿಂದಲೇ ದೇಶದ ಬಹುಭಾಗದಲ್ಲಿ ಮಾನ್ಯವಾಯಿತು. ಕೋಲ್‌ಬ್ರೂಕ್ 1810ರಲ್ಲಿ ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದನು. ಬ್ರಿಟಿಷ್ ನ್ಯಾಯಾಲಯಗಳು ಬನಾರಸ್ ಶಾಖೆಯೆಂದು ಕರೆದ ಹಿಂದೂ ನ್ಯಾಯಪದ್ಧತಿಗೆ ಕನ್ನಡ ನಾಡಿನಲ್ಲಿ ಹುಟ್ಟಿದ ಈ ವ್ಯಾಖ್ಯಾನವೇ ತಳಹದಿಯಾಯಿತು.

ಪರಿಶೀಲನೆಗೆ ಒದಗದ ಆಕರಗಳು

ಉಲ್ಲೇಖದ ಪ್ರಯೋಜನವು ಓದುಗನು ಮೂಲವನ್ನು ತೆರೆದು ನೋಡಬಲ್ಲನೆಂಬುದರಲ್ಲಿದೆ. ಅದು ಸಾಧ್ಯವಾಗದಿದ್ದಲ್ಲಿ ಎಷ್ಟು ದೀರ್ಘವಾದ ವಿವಾದ ಏಳುವುದೆಂಬುದಕ್ಕೆ ಮಧ್ವಾಚಾರ್ಯರ ಗ್ರಂಥಗಳಲ್ಲಿನ ಉದ್ಧೃತಿಗಳ ಪ್ರಶ್ನೆ ನಿದರ್ಶನ. ಆಚಾರ್ಯರು ಎತ್ತಿ ಹೇಳಿರುವ ಹಲವು ವಚನಗಳ ಮೂಲಗ್ರಂಥಗಳು ಈಗ ಉಪಲಬ್ಧವಿಲ್ಲ. ಅವು ಅಪ್ರಸಿದ್ಧವೆಂದು ಅಪ್ಪಯ್ಯ ದೀಕ್ಷಿತರು 16ನೆಯ ಶತಮಾನದಲ್ಲಿಯೇ ಆಕ್ಷೇಪಿಸಿದ್ದರು. ಮಾಧ್ವ ವಿದ್ವಾಂಸರು ಅದಕ್ಕೆ ಉತ್ತರವನ್ನೂ ಕೊಟ್ಟಿದ್ದರು. 1997ರಲ್ಲಿ ವಿಯೆನ್ನಾದ ರೋಕ್ ಮೆಸ್ಕಿಟಾ ಅವರು ಆ ವಚನಗಳು ಆಚಾರ್ಯರದೇ ರಚನೆಯೆಂದು ವಾದಿಸಿದಾಗ, ದ್ವೈತ ವೇದಾಂತದ ಇತಿಹಾಸಕಾರರಾದ ಬಿ. ಎನ್. ಕೆ. ಶರ್ಮರು ಅದನ್ನು ನಿರಾಕರಿಸಿ ಬರೆದರು. ಪ್ರಾಚೀನ ಗ್ರಂಥಗಳೆಷ್ಟೋ ನಷ್ಟವಾಗಿರುವುದು ನಿಜವಾದುದರಿಂದ ಇಂದು ಸಿಗದ ಮಾತ್ರಕ್ಕೆ ಅಂದು ಇರಲಿಲ್ಲವೆಂದು ಹೇಳಲಾಗದು; ಸಿಗದಿರುವಾಗ ಇತ್ತೆಂದು ಎದುರಾಳಿಯನ್ನು ಒಪ್ಪಿಸುವುದೂ ಸುಲಭವಲ್ಲ. ಹೀಗೆ ವಿವಾದವು ಶತಮಾನಗಳನ್ನು ದಾಟಿ ಬಂದಿದೆ.

ಪರಿಶೀಲನೆಗೆ ಗ್ರಂಥದಷ್ಟೇ ಕಾಲಾವಕಾಶವೂ ಬೇಕು. ಸೋನಾರ್‌ಪುರದ ನೈಋತ್ಯಕ್ಕಿರುವ ದುರ್ಗಾಕುಂಡದ ಬಳಿಯ ಆನಂದಬಾಗ್‌ನಲ್ಲಿ 1869ರ ನವೆಂಬರ್ 16ರಂದು ಕಾಶೀನರೇಶ ಈಶ್ವರೀಪ್ರಸಾದ ನಾರಾಯಣ ಸಿಂಹರ ಸಮ್ಮುಖದಲ್ಲಿ ದಯಾನಂದ ಸರಸ್ವತಿಗಳಿಗೂ ನಗರದ ಪಂಡಿತರಿಗೂ ಶಾಸ್ತ್ರಾರ್ಥ ನಡೆಯಿತು. ಮೂರ್ತಿಪೂಜೆಗೆ ವೇದದ ಆಧಾರವುಂಟೇ ಎಂಬುದು ಪ್ರಶ್ನೆ. ವಿಶುದ್ಧಾನಂದ ಸ್ವಾಮಿಗಳೂ ಬಾಲಶಾಸ್ತ್ರಿಗಳೂ ಎದುರು ಪಕ್ಷದಲ್ಲಿದ್ದರು. ಕತ್ತಲಾದ ಮೇಲೆ ಪುರಾಣ ಶಬ್ದದ ಅರ್ಥವನ್ನು ಕುರಿತ ಚರ್ಚೆಯಲ್ಲಿ ಹಸ್ತಪ್ರತಿಯ ಹಾಳೆಗಳನ್ನು ದಯಾನಂದರ ಕೈಗೆ ಕೊಡಲಾಯಿತು. ದೀಪದ ಬೆಳಕಿನಲ್ಲಿ ಅವನ್ನು ನೋಡುತ್ತಿರುವಾಗಲೇ ಸಭೆ ಎದ್ದಿತು. ಜಯವು ತಮ್ಮದೆಂದು ಪಂಡಿತರು ಸಾರಿದರು. ಉತ್ತರಕ್ಕೆ ಕಾಲ ಕೊಡಲಿಲ್ಲವೆಂದು ದಯಾನಂದರ ಕಡೆಯವರು ಬರೆದರು. ಎರಡು ಕಡೆಯ ವೃತ್ತಾಂತಗಳೂ ಹೊಂದುವುದಿಲ್ಲ. ಮೌಖಿಕ ವಾದದಲ್ಲಿ ಕಾಲದ ಒತ್ತಡವು ಆಧಾರದ ಪರೀಕ್ಷೆಯನ್ನು ಎಷ್ಟು ಬೇಗ ನುಂಗಬಲ್ಲುದೆಂಬುದಕ್ಕೂ, ಬರೆದ ವಾದಕ್ಕೆ ಈ ವಿಷಯದಲ್ಲಿರುವ ಮೇಲ್ಮೆಗೂ ಈ ಸಭೆಯೇ ಸಾಕ್ಷಿ.

ಮುದ್ರಣಯುಗ

ಬನಾರಸಿನ ರೆಸಿಡೆಂಟ್ ಜೊನಾಥನ್ ಡಂಕನ್ 1791ರಲ್ಲಿ ಸ್ಥಾಪಿಸಿದ ಸಂಸ್ಕೃತ ಪಾಠಶಾಲೆಯು ಮುಂದೆ ಸಂಸ್ಕೃತ ಕಾಲೇಜಾಗಿ, 1958ರಲ್ಲಿ ವಿಶ್ವವಿದ್ಯಾನಿಲಯವಾಗಿ, 1974ರಿಂದ ಸಂಪೂರ್ಣಾನಂದರ ಹೆಸರನ್ನು ಪಡೆಯಿತು. ಅದರ ಪ್ರಿನ್ಸಿಪಾಲನಾಗಿದ್ದ ಬ್ಯಾಲಂಟೈನನು ನ್ಯಾಯಶಾಸ್ತ್ರವನ್ನೂ ಪಾಶ್ಚಾತ್ಯ ತರ್ಕವನ್ನೂ ಎದುರೆದುರಾಗಿ ಇಟ್ಟು ಪಾಠ ಹೇಳುವ ಪ್ರಯತ್ನವನ್ನು ಮಾಡಿದನು. 1866ರಲ್ಲಿ ಆರಂಭವಾದ ಪಂಡಿತ್ ಎಂಬ ಮಾಸಪತ್ರಿಕೆಯು ಅಪ್ರಕಟಿತ ಗ್ರಂಥಗಳನ್ನು ಅಚ್ಚಿಗೆ ತಂದಿತು. 1892ರಿಂದ ಚೌಖಂಬಾ ಗ್ರಂಥಮಾಲೆಯೂ ಈ ಕಾರ್ಯದಲ್ಲಿ ತೊಡಗಿತು. ಗಂಗಾನಾಥ ಝಾ, ಗೋಪೀನಾಥ ಕವಿರಾಜರ ಕಾಲದಲ್ಲಿ ಕಾಲೇಜಿನ ಸರಸ್ವತೀ ಭವನದಿಂದ ಗ್ರಂಥಮಾಲೆಗಳು ಹೊರಟವು. ಒಂದೇ ಪುಟಕ್ಕೆ ಒಂದೇ ಸಂಖ್ಯೆಯುಳ್ಳ ಪ್ರತಿಗಳು ಕಾಶಿಯಲ್ಲಿಯೂ ಮೈಸೂರಿನಲ್ಲಿಯೂ ದೊರೆಯುವಂತಾದ ಮೇಲೆಯೇ ಪುಟಸಂಖ್ಯೆಯನ್ನು ಕೊಡುವ ಉಲ್ಲೇಖಕ್ಕೆ ಅರ್ಥ ಬಂದಿತು. 1916ರಲ್ಲಿ ಕಾಶೀ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಅಸ್ತಿಭಾರ ಬಿದ್ದಿತು. ಅದರ ಮೊದಲ ಕುಲಪತಿಗಳು ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು.

ಕನ್ನಡದ ಸಂಶೋಧನೆಯಲ್ಲಿ

ಉಲ್ಲೇಖವು ಕಾಣೆಯಾದ ಗ್ರಂಥವೊಂದನ್ನು ಗುರುತಿಸುವುದಕ್ಕೂ ನೆರವಾದ ಪ್ರಸಂಗ ಮೈಸೂರಿನಲ್ಲಿ ನಡೆಯಿತು. ಕೌಟಿಲ್ಯನ ಅರ್ಥಶಾಸ್ತ್ರವು ಆಧುನಿಕ ವಿದ್ವಾಂಸರಿಗೆ ದಂಡಿ, ಬಾಣ ಮೊದಲಾದವರ ಪ್ರಸ್ತಾಪಗಳಿಂದ ಮಾತ್ರ ತಿಳಿದಿತ್ತು. 1905ರಲ್ಲಿ ತಂಜಾವೂರು ಪ್ರಾಂತ್ಯದ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ಓಲೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಕಂಡು, 1909ರಲ್ಲಿ ಪ್ರಕಟಿಸಿ, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ದೊರೆತುದು ಪ್ರಾಚೀನರು ಬಲ್ಲ ಗ್ರಂಥವೇ ಎಂಬುದಕ್ಕೆ ಪ್ರಾಚೀನರು ಅದರಿಂದ ಎತ್ತಿಕೊಂಡಿದ್ದ ಮಾತುಗಳೇ ಸಾಕ್ಷಿಗಳಾದವು.

ಆಧಾರದ ತೂಕವನ್ನು ಅಳೆಯುವುದಕ್ಕೆ ಕವಿರಾಜಮಾರ್ಗದ ಕರ್ತೃತ್ವವಿಚಾರವು ಒಳ್ಳೆಯ ಉದಾಹರಣೆ. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಆದರೆ ಗ್ರಂಥದ ಪರಿಚ್ಛೇದಾಂತ್ಯದಲ್ಲಿ ಬರುವ ನೃಪತುಂಗದೇವಾನುಮತವೆಂಬ ಪದವೂ, ಶ್ರೀವಿಜಯನ ಹೆಸರುಳ್ಳ ಪದ್ಯಗಳೂ ಬೇರೆ ನಿರ್ಣಯಕ್ಕೆ ಎಡೆಕೊಟ್ಟು, ಶ್ರೀವಿಜಯನೇ ಕರ್ತೃವೆಂಬ ಅಭಿಪ್ರಾಯವು ಬಲಗೊಂಡಿತು. ಹೊಸ ಹಸ್ತಪ್ರತಿ ಸಿಕ್ಕಿ ಆದ ಬದಲಾವಣೆ ಇದಲ್ಲ. ಇದ್ದ ಪಾಠವನ್ನೇ ಎಚ್ಚರದಿಂದ ಓದಿದ್ದರ ಫಲ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ಕಾಲನಿರ್ದೇಶವಿಲ್ಲ. ಸುಮಾರು 450 ಎಂಬ ಕಾಲವು ಲಿಪಿ, ಭಾಷೆ, ಅಲ್ಲಿ ಬರುವ ವ್ಯಕ್ತಿನಾಮಗಳಿಂದ ಮಾಡಿದ ಊಹೆ. ಆದ್ದರಿಂದ ಅದನ್ನು ಬಳಸುವ ಲೇಖಕನು ಸುಮಾರು ಎಂಬ ಪದವನ್ನು ಬಿಡಲಾಗದು.

ಸೋನಾರ್‌ಪುರಕ್ಕೆ ಸಮೀಪದ ಜಂಗಮವಾಡಿ ಮಠದಲ್ಲಿ ಅಕ್ಬರನಿಂದ ಔರಂಗಜೇಬನ ವರೆಗಿನ ಕಾಲದ ಪಾರಸೀ ಫರ್ಮಾನುಗಳಿವೆ. ಆ ಕಾಲದಲ್ಲಿ ಜಂಗಮರು ಕಾಶಿಯಲ್ಲಿ ನೆಲೆಸಿ ಭೂಮಿಯನ್ನು ಅನುಭವಿಸುತ್ತಿದ್ದರೆಂದೂ, ಅವರ ಹಕ್ಕನ್ನು ಬಾದಶಾಹರು ಮನ್ನಿಸಿದರೆಂದೂ ಇವುಗಳಿಂದ ನಿಸ್ಸಂದೇಹವಾಗಿ ಹೇಳಬಹುದು. ಮಠದ ಪ್ರಾಚೀನತೆಯನ್ನು ಕುರಿತು ಸಂಪ್ರದಾಯವು ಹೇಳುವ ಮಾತು ಗೌರವಾರ್ಹವಾದುದು, ಆದರೆ ಅದು ಸಂಪ್ರದಾಯವೆಂದೇ ಉಲ್ಲೇಖಿಸಬೇಕಾದುದು. ಒಂದು ದಾಖಲೆ ಎಷ್ಟನ್ನು ಸಾಧಿಸುವುದೋ ಅಷ್ಟನ್ನೇ ಅದರಿಂದ ಪಡೆಯುವುದರಲ್ಲಿ ಸಂಶೋಧಕನ ಸಂಯಮ ಕಾಣುವುದು.

ಇಂದಿನ ಅಭ್ಯಾಸ

ಪಿಎಚ್.ಡಿ. ಪದವಿಗಾಗಿ ಬರೆಯುವ ಮಹಾಪ್ರಬಂಧವಾಗಲಿ ತರಗತಿಯ ಚಿಕ್ಕ ಪ್ರಬಂಧವಾಗಲಿ ಅನುಸರಿಸಬೇಕಾದ ಕ್ರಮವು ಮೇಲಣ ವಿವರಗಳಿಂದಲೇ ಒಡಮೂಡುವುದು. ಸಾಧ್ಯವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಲು ಬರುವವರೆಗೆ ಬರೆಯಲು ಕೂರದಿರುವುದು ಲೇಸು. ಶಾಸನ, ಹಸ್ತಪ್ರತಿ, ಸರ್ಕಾರಿ ಕಡತ, ಸ್ವತಃ ಸಂಗ್ರಹಿಸಿದ ಅಂಕಿ ಅಂಶ ಮೊದಲಾದ ಮೂಲ ಆಕರಗಳನ್ನು, ಅವುಗಳನ್ನು ಕುರಿತು ಇತರರು ಬರೆದ ಆನುಷಂಗಿಕ ಆಕರಗಳಿಂದ ಬೇರ್ಪಡಿಸಿ ಇಟ್ಟುಕೊಳ್ಳಬೇಕು. ಓದುವಾಗಲೇ ಕರ್ತೃ, ಗ್ರಂಥ, ಪ್ರಕಾಶಕರು, ವರ್ಷ, ಪುಟಗಳನ್ನು ಬರೆದುಕೊಂಡು, ಯಥಾವತ್ತಾಗಿ ಎತ್ತಿಕೊಂಡ ಮಾತಿಗೆ ಆಗಲೇ ಉದ್ಧರಣ ಚಿಹ್ನೆಯನ್ನು ಹಾಕದಿದ್ದರೆ, ಆರು ತಿಂಗಳ ಮೇಲೆ ಟಿಪ್ಪಣಿಯಲ್ಲಿನ ಮಾತು ಯಾರದೆಂದು ಬರೆದವನಿಗೇ ತಿಳಿಯದೆ ಹೋಗುವುದು. ಉದ್ದೇಶವಿಲ್ಲದ ಕೃತಿಚೌರ್ಯವು ಬಹುಮಟ್ಟಿಗೆ ಹೀಗೆಯೇ ಸಂಭವಿಸುತ್ತದೆ.

ಮೂಲದ ಪದಗಳೇ ವಿಚಾರದ ವಿಷಯವಾದಾಗ ಮಾತ್ರ ಉದ್ಧೃತಿಯನ್ನು ಯಥಾವತ್ತಾಗಿ ಕೊಟ್ಟು, ಉಳಿದೆಡೆ ಸ್ವಂತ ಮಾತಿನಲ್ಲಿ ಸಂಗ್ರಹಿಸುವುದು ಉತ್ತಮ. ಸಂಗ್ರಹಕ್ಕೂ ಆಕರನಿರ್ದೇಶ ಅವಶ್ಯ. ನಾಲ್ಕು ಪದಗಳನ್ನು ಬದಲಿಸಿದ ಮಾತ್ರಕ್ಕೆ ಪರರ ವಾಕ್ಯವು ನಮ್ಮದಾಗದು. ಉದ್ಧೃತಿಯ ಮುಂದೆ ಅದು ಏನನ್ನು ಸಾಧಿಸುವುದೆಂಬ ವಿವರಣೆ ಬರಬೇಕು. ಎಲ್ಲರಿಗೂ ತಿಳಿದ ಸಂಗತಿಗೆ ಅಡಿಟಿಪ್ಪಣಿ ಬೇಡ. ವಿವಾದಕ್ಕೆ ಎಡೆಯುಳ್ಳ ಪ್ರತಿಯೊಂದು ಸಂಗತಿಗೂ ಬೇಕು. ತನ್ನ ನಿರ್ಣಯಕ್ಕೆ ಒಗ್ಗದ ಆಧಾರವನ್ನು ಕಂಡರೆ ಅದನ್ನು ಮರೆಮಾಡದೆ ಎತ್ತಿ ಹೇಳಿ ಸಮಾಧಾನ ಕೊಡಬೇಕು; ಸಮಾಧಾನವು ಸಾಧ್ಯವಾಗದಿದ್ದರೆ ನಿರ್ಣಯವನ್ನೇ ಅಷ್ಟರ ಮಟ್ಟಿಗೆ ಸಂಕೋಚಗೊಳಿಸಬೇಕು. ಉಲ್ಲೇಖದ ಶೈಲಿಗಳು ಹಲವು ಉಂಟು. ಯಾವುದನ್ನು ಹಿಡಿದರೂ ಆದಿಯಿಂದ ಅಂತ್ಯದವರೆಗೆ ಒಂದನ್ನೇ ಪಾಲಿಸುವುದು ಮುಖ್ಯ.

ಭಾರತದ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಪ್ರಬಂಧದಲ್ಲಿ ಇತರ ಬರಹಗಳೊಡನೆ ಹೋಲಿಕೆಯು ಶೇಕಡ 10ರ ವರೆಗೆ ಇದ್ದರೆ ದಂಡನೆಯಿಲ್ಲ. ಶೇಕಡ 10ರಿಂದ 40ರ ವರೆಗೆ ಇದ್ದರೆ 6 ತಿಂಗಳನ್ನು ಮೀರದ ಅವಧಿಯಲ್ಲಿ ತಿದ್ದಿ ಒಪ್ಪಿಸಬೇಕು. 40ರಿಂದ 60ರ ವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುವುದು. ಈ ಅಳತೆಯು ಪದಗಳ ಹೋಲಿಕೆಯನ್ನು ಹಿಡಿಯಬಲ್ಲುದು. ಆಲೋಚನೆಯ ಕಳವನ್ನಾಗಲಿ, ಓದದ ಗ್ರಂಥವನ್ನು ಓದಿದಂತೆ ಗ್ರಂಥಋಣದಲ್ಲಿ ಸೇರಿಸುವ ಅಸತ್ಯವನ್ನಾಗಲಿ ಹಿಡಿಯಲಾರದು. ಅದಕ್ಕೆ ಲೇಖಕನ ಆತ್ಮಸಾಕ್ಷಿಯೂ ಮಾರ್ಗದರ್ಶಕರ ಎಚ್ಚರವೂ ಮಾತ್ರ ಕಾವಲು.

ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಕೋಲಾಚಲ ಮಲ್ಲಿನಾಥನು, ಮೂಲವಿಲ್ಲದ ಯಾವುದನ್ನೂ ತಾನು ಬರೆಯುವುದಿಲ್ಲವೆಂದೂ, ಅಪೇಕ್ಷಿತವಲ್ಲದ ಯಾವುದನ್ನೂ ಹೇಳುವುದಿಲ್ಲವೆಂದೂ ತನ್ನ ವ್ಯಾಖ್ಯಾನಗಳ ಆರಂಭದಲ್ಲಿಯೇ ಪ್ರತಿಜ್ಞೆ ಮಾಡಿರುವನು. ಕನ್ನಡದಲ್ಲಿ ಸಂಶೋಧನೆಗೆ ತೊಡಗುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಎರಡು ನಿಯಮಗಳನ್ನು ತನ್ನವನ್ನಾಗಿ ಮಾಡಿಕೊಂಡು, ಅವುಗಳೊಡನೆ ವ್ಯಾಸತೀರ್ಥ ಮಧುಸೂದನರಿಂದ ಮೂರನೆಯದೊಂದನ್ನು ಸೇರಿಸಿಕೊಳ್ಳಬೇಕು: ಎದುರಾಳಿಯು ಓದಿ ತನ್ನ ಮಾತೇ ಅಹುದೆಂದು ಒಪ್ಪುವಂತೆ ಅವನ ಪಕ್ಷವನ್ನು ಬರೆಯಲು ಬಾರದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲ.